ಅರ್ಧಕ್ಕಿಂತ ಒಂದು ಹಿಡಿ ಹೆಚ್ಚು

ಕರೆಂಟು ಉಳಿತಾಯವಾಯಿತು ಅಂತ ಯಾರಾದರೂ ಹಣೆ ಹಣೆ ಚಚ್ಚಿಕೊಂಡದ್ದನ್ನು ನೀವು ಕಂಡಿದ್ದೀರಾ? ಮಾರ್ಚ್ ತಿಂಗಳ ನಡುವಿನಲ್ಲಿ ಒಂದು ಬೆಳಿಗ್ಗೆ ಕೃಷ್ಣಮೂರ್ತಿಪುರಂನ ಗಿರಿಜಾಂಬಾ ತಮ್ಮ ಹಿಟ್ಟಿನ ಮಿಲ್ಲಿನಲ್ಲಿ ಕೂತು ಮಾಡುತ್ತಿದ್ದದ್ದು ಅದನ್ನೇ. ಎದುರಿಗೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಮಗಳು ಲಾಸ್ಯ, ಹೇಳಬಾರದ್ದನ್ನು ಹೇಳಿಬಿಟ್ಟೆನೇನೋ ಎಂಬಂತೆ ತುಟಿ ಕಚ್ಚಿಕೊಂಡಿದ್ದಳು. ಲಾಸ್ಯ ಸರಸ್ವತಿಪುರಂನ ಒಬ್ಬ ಆಡಿಟರ್ ಹತ್ತಿರ ಸಿ.ಎ. ಕಲಿಯುತ್ತಿದ್ದವಳು. ಅಮ್ಮನ ಸಂಘದ ವರ್ಷಾಂತ್ಯದ ಲೆಕ್ಕ ನೋಡಿಕೊಡುತ್ತೇನೆ ಅಂತ ಪ್ರೀತಿಯಿಂದ ಕೂತವಳಿಗೆ ಈ ಹುತ್ತದಲ್ಲಿ ಹಾವಿದೆ ಅಂತ ಹೇಗೆ ಗೊತ್ತಾಗಬೇಕು?

ಸಂಘ ಅಂದರೆ ಗಾಳಿಯ ಸಂಘ. ಮೈಸೂರಿನ ಇಪ್ಪತ್ತು ಚಿಲ್ಲರೆ ಸಣ್ಣ ಉದ್ಯಮದವರು, ಹೆಚ್ಚಿನವರು ಹಿಟ್ಟಿನ ಮಿಲ್ಲಿನವರು, ಜೊತೆಗೆ ಎಣ್ಣೆ ಗಾಣದವರು, ಒಂದು ಪ್ರಿಂಟಿಂಗ್ ಪ್ರೆಸ್ಸು, ಒಂದು ಐಸ್ ಫ್ಯಾಕ್ಟರಿ, ಎಲ್ಲ ಸೇರಿ ಸಹಕಾರ ಸಂಘ ಕಟ್ಟಿ, ಚಿತ್ರದುರ್ಗದ ಕಡೆಯ ಒಂದು ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದರು. ಎಲ್ಲರ ಬಾಯಲ್ಲೂ ಅದು ಬರೀ ‘ಫ್ಯಾನು’. ಅಲ್ಲಿ ಫ್ಯಾನು ತಿರುಗಿದರೆ ಇಲ್ಲಿ ಮಿಲ್ಲು ತಿರುಗುತ್ತದೆ ಅಂತ ಮನೆಮನೆ ಹತ್ತಿ ಇಳಿದು, ಒಬ್ಬೊಬ್ಬರ ಕೈಹಿಡಿದು ಒಪ್ಪಿಸಿದವರು ಗಿರಿಜಾಂಬಾ. ಅದಕ್ಕೇ ಅಧ್ಯಕ್ಷರ ಕುರ್ಚಿ ಅವರದು. ಏನಾದರೂ ಎಡವಟ್ಟಾದರೆ ಮೊದಲು ಬೈಸಿಕೊಳ್ಳಬೇಕಾದ ಮುಖವೂ ಅವರದೇ.

ಸರ್ಕಾರವೂ ಕೈಬಿಟ್ಟಿರಲಿಲ್ಲ. ತಮ್ಮ ಬಳಕೆಗೆ ತಾವೇ ಗಾಳಿ ಕರೆಂಟು ಮಾಡಿಕೊಳ್ಳುವವರಿಗೆ ಒಂದು ದೊಡ್ಡ ರಿಯಾಯಿತಿ ಇದೆ. ಹೊರಗಿನಿಂದ ಕರೆಂಟು ಕೊಳ್ಳುವವರು ಕಟ್ಟಬೇಕಾದ ಸರ್‌ಚಾರ್ಜ್ ಅವರಿಗಿಲ್ಲ. ಮಳೆಗಾಲದಲ್ಲಿ ಫ್ಯಾನು ಭರ್ರೆಂದು ತಿರುಗಿ ಮಿಕ್ಕಿದ ಯೂನಿಟ್ಟುಗಳನ್ನು ಲೈನಿಗೆ ಬಿಟ್ಟು ಬೇಸಿಗೆಯಲ್ಲಿ ವಾಪಸು ಪಡೆಯಬಹುದು. ಆದರೆ ಒಂದು ಷರತ್ತು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಫ್ಯಾನು ಕೊಟ್ಟ ಕರೆಂಟಿನಲ್ಲಿ ನೂರಕ್ಕೆ ಐವತ್ತೊಂದರಷ್ಟನ್ನಾದರೂ ಸದಸ್ಯರೇ ಬಳಸಿರಬೇಕು. ಅರ್ಧಕ್ಕಿಂತ ಒಂದು ಹಿಡಿ ಹೆಚ್ಚು. ಇಲ್ಲದಿದ್ದರೆ ನೀವು ಬಳಸುವವರಲ್ಲ, ಮಾರುವವರು. ಇಡೀ ವರ್ಷದ್ದಕ್ಕೂ ಸರ್‌ಚಾರ್ಜ್ ಕಟ್ಟಿ ಅನ್ನುತ್ತದೆ ಕಾನೂನು. ನ್ಯಾಯವಾದ ಮಾತೇ, ಬಿಡಿ. ಅಡಿಗೆ ಮಾಡಿದವರು ಉಣ್ಣದೆ ಬರೀ ಮಾರುತ್ತಿದ್ದರೆ ಅದನ್ನು ಮನೆ ಅನ್ನುತ್ತಾರೋ ಹೋಟೆಲ್ ಅನ್ನುತ್ತಾರೋ?

ಲಾಸ್ಯ ಕಂಡುಹಿಡಿದದ್ದು ಇಷ್ಟು: ಉಳಿದ ದಿನಗಳ ಎಂದಿನ ಬಳಕೆಯನ್ನು ಸೇರಿಸಿದರೂ ಐವತ್ತು ಪಾಯಿಂಟ್ ಎರಡು. ಮಾರ್ಚ್ ಮುಗಿಯಲು ಎರಡೇ ವಾರ.

ಆ ಸರ್‌ಚಾರ್ಜ್ ಬಿತ್ತು ಅಂದರೆ ಸಣ್ಣ ಮಿಲ್ಲಿನವರು ಏಳುವುದಿಲ್ಲ. ಫ್ಯಾನನ್ನು ಕೊಟ್ಟುಬಿಡಿ ಅಂತ ಬೆಂಗಳೂರಿನ ಒಂದು ಕಂಪನಿಯವರು ಆಗಲೇ ಎರಡು ಸಲ ಬಂದು ಕಾಫಿ ಕುಡಿದು ಹೋಗಿದ್ದರು. ಮೂರನೇ ಸಲ ಬಂದರೆ ಬರಿಗೈಲಿ ಹೋಗುವವರಲ್ಲ.

“ಹೋದ ವರ್ಷ ಅರವತ್ತರ ಮೇಲಿತ್ತಲ್ಲೇ?” ಅಂದರು ಗಿರಿಜಾಂಬಾ.

“ಹೋದ ವರ್ಷ ಏಕಾಂತಯ್ಯ ತಾತ ಇನ್ನೂ ಉಳಿತಾಯಕ್ಕೆ ಕೈಹಾಕಿರಲಿಲ್ಲ ಕಣಮ್ಮ” ಅಂದಳು ಲಾಸ್ಯ.

ಆಹಾ, ಏಕಾಂತಯ್ಯ! ಸಂಘದ ಕಾರ್ಯದರ್ಶಿ. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಎಲ್ಲಿ ಹೋದರೂ ಮೊದಲು ಕಣ್ಣು ಹೋಗುವುದು ಸ್ವಿಚ್‌ಬೋರ್ಡಿನ ಕಡೆಗೆ. ಮದುವೆಮನೆಗೆ ಹೋದರೂ ಖಾಲಿ ಕುರ್ಚಿಯ ಮೇಲೆ ತಿರುಗುತ್ತಿರುವ ಫ್ಯಾನು ಆರಿಸಿಯೇ ಅಕ್ಷತೆ ಹಾಕುತ್ತಿದ್ದರು. ಮಿಲ್ಲಿಗೆ ಬಂದರಂತೂ ಗಿರಿಜಾಂಬಾ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಗಿರಾಕಿಯ ಡಬ್ಬ ಇಳಿಸಿಕೊಳ್ಳುವಷ್ಟರಲ್ಲಿ ತಲೆ ಮೇಲಿನ ಫ್ಯಾನು ನಿಂತಿರುತ್ತಿತ್ತು. ವಾಪಸು ಬಂದು ಬೆವರೊರೆಸಿಕೊಳ್ಳುತ್ತ ಮತ್ತೆ ಸ್ವಿಚ್ ಹಾಕುವುದು ಗಿರಿಜಾಂಬಾಗೆ ಅಭ್ಯಾಸವೇ ಆಗಿಹೋಗಿತ್ತು. ಇಂಥ ಮನುಷ್ಯ ಈ ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ಒಂದೊಂದು ಮಿಲ್ಲಿಗೂ ಹೋಗಿ, ಹಳೇ ಮೋಟಾರು ಬಿಚ್ಚಿಸಿ ಕಡಿಮೆ ಕರೆಂಟು ಕುಡಿಯುವ ಹೊಸ ಮೋಟಾರು ಕೂರಿಸಿದ್ದರು. ಐಸ್ ಫ್ಯಾಕ್ಟರಿಗೂ ಹೊಸ ಕಂಪ್ರೆಸರ್. ಅದರ ಮೇಲೆ ಮಳೆಗಾಲದ ಗಾಳಿಯೂ ಈ ಸಲ ಎಂದಿಲ್ಲದಷ್ಟು ಬೀಸಿತು. ಅಲ್ಲಿ ಹುಟ್ಟಿದ್ದು ಹೆಚ್ಚು, ಇಲ್ಲಿ ಉಂಡಿದ್ದು ಕಡಿಮೆ. ಲೈನಿನಲ್ಲಿ ಉಳಿದ ಯೂನಿಟ್ಟು ಬೆಳೆಯುತ್ತಿರುವುದನ್ನು ನೋಡಿ ಏಕಾಂತಯ್ಯ ಮಗಳ ಮದುವೆಗೆ ಚಿನ್ನ ಕೂಡಿಟ್ಟಂತೆ ಖುಷಿಪಡುತ್ತಿದ್ದರು. ಐವತ್ತೊಂದರ ನಿಯಮ ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಜನ ಅರ್ಧಕ್ಕಿಂತ ಕಡಿಮೆ ಬಳಸಿಯಾರು ಅಂತ ಅವರ ಕನಸಿನಲ್ಲೂ ಬಂದಿರಲಿಲ್ಲ, ಅಷ್ಟೆ.

ಅವತ್ತು ಮಧ್ಯಾಹ್ನವೇ ಚಾಮರಾಜಪುರಂನಲ್ಲಿರುವ ಸಂಘದ ಕೋಣೆಯಲ್ಲಿ ಎಲ್ಲರೂ ಸೇರಿದರು. ಐಸ್ ಫ್ಯಾಕ್ಟರಿಯ ಸಿದ್ದಲಿಂಗಸ್ವಾಮಿ ಮೊದಲೇ ಸಿಡುಕ. ಇರುವ ವಿಷಯ ಕೇಳಿ, ಉಳಿಸಿ ಉಳಿಸಿ ನಮ್ಮನ್ನು ಮುಳುಗಿಸಿಬುಟ್ರಲ್ಲ ಅಂತ ಕೂಗಾಡಿದರು. ಫ್ಯಾನು ಮಾರಿ ಕೈತೊಳೆದುಕೊಳ್ಳೋಣ ಅಂದರು. ಅದಾದ ಮೇಲೆ, ಎರಡು ವಾರ ಫ್ಯಾನನ್ನೇ ನಿಲ್ಲಿಸಿ ಕೂತರಾಯಿತಲ್ಲ ಅಂತ ಇನ್ನೊಂದು ದಾರಿಯನ್ನೂ ಹೇಳಿದರು. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಏಕಾಂತಯ್ಯ ಆ ಮಾತಿಗೆ ಮಾತ್ರ ಎದ್ದು ನಿಂತರು. ಮಾರ್ಚ್‌ನಲ್ಲಿ ಅಲ್ಲಿ ಗಾಳಿಯೇ ಇಲ್ಲ, ನಿಲ್ಲಿಸಿದರೂ ಒಂದೇ ಬಿಟ್ಟರೂ ಒಂದೇ, ಇದು ಫ್ಯಾನಿನ ತಪ್ಪಲ್ಲ, ನನ್ನ ತಪ್ಪು ಅಂದರು. ಬೇಸಿಗೆಗೆ ಅಂತ ಉಳಿದಿರುವ ಕರೆಂಟನ್ನು ಉಣ್ಣುವುದೊಂದೇ ದಾರಿ, ಎಂದಿನದಕ್ಕಿಂತ ನಲವತ್ತು ಸಾವಿರ ಯೂನಿಟ್ಟು ಹೆಚ್ಚಿಗೆ ಅಂತ ಲೆಕ್ಕ ಹೇಳಿ ಕೂತರು.

ಸರಿ, ಮಿಲ್ಲುಗಳನ್ನು ಸುಮ್ಮನೆ ಹಗಲೆಲ್ಲ ಓಡಿಸಿಬಿಡೋಣ ಅಂದರು ಯಾರೋ. ಅದೂ ಆಗದು. ಕಾಳು ಬೀಳದ ಮಿಲ್ಲಿನ ಮೋಟಾರು ಅಷ್ಟಾಗಿ ಕರೆಂಟು ಎಳೆಯುವುದಿಲ್ಲ. ಹೊಟ್ಟೆಗೆ ಹಾಕಿದರೆ ತಾನೇ ಅದು ದುಡಿಯುವುದು. ಹಾಗಾದರೆ ಎರಡು ವಾರದಲ್ಲಿ ಮೈಸೂರಿನ ಇಷ್ಟು ಮಿಲ್ಲುಗಳ ಹೊಟ್ಟೆಗೆ ಹಾಕುವುದಾದರೂ ಏನನ್ನು?

ಗಿರಿಜಾಂಬಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಎದುರು ಮನೆಯ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಮೆಣಸಿನಕಾಯಿ ಒಣಹಾಕಿದ್ದರು. ಅದರ ಪಕ್ಕದ ತಾರಸಿಯಲ್ಲಿ ಧನಿಯ. ಅದರಾಚೆಯ ತಾರಸಿಯಲ್ಲೂ ಕೆಂಪು, ಅದರಾಚೆಗೂ ಕೆಂಪು. ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಸಾರಿನಪುಡಿ, ಹುಳಿಪುಡಿ, ಮೆಣಸಿನಪುಡಿ, ಹುರಿಹಿಟ್ಟು ಮಾಡಿ ಡಬ್ಬ ತುಂಬಿಸಿಡದ ಮನೆ ಆ ಬೀದಿಗಳಲ್ಲಿ ಇಲ್ಲ. ಆದರೆ ಅವರೆಲ್ಲ ಮಿಲ್ಲಿಗೆ ಬರುವುದು ಏಪ್ರಿಲ್, ಮೇನಲ್ಲಿ, ಒಬ್ಬೊಬ್ಬರಾಗಿ, ಪುರುಸೊತ್ತಾದಾಗ.

“ಮೇ ತಿಂಗಳನ್ನ ಮಾರ್ಚಿಗೇ ಕರೆದುಬುಡೋಣ” ಅಂದರು ಗಿರಿಜಾಂಬಾ. “ಈ ಎರಡು ವಾರ ಸಂಘದ ಮಿಲ್ಲುಗಳಲ್ಲಿ ಬೀಸೋದಕ್ಕೆ ಅರ್ಧ ದರ. ಇವತ್ತು ಸಂಜೆಯಿಂದಲೇ.”

ಏಕಾಂತಯ್ಯ ತಲೆಯೆತ್ತಿ ನೋಡಿದರು. ಆ ಕಣ್ಣಲ್ಲಿ ಮತ್ತೆ ಜೀವ ಬಂದದ್ದನ್ನು ಕಂಡು ಗಿರಿಜಾಂಬಾಗೆ ಒಳಗೊಳಗೇ ಎಂಥದೋ ಹುರುಪು ಬಂತು.

ಅಲ್ಲಿಂದ ಮುಂದಿನದ್ದನ್ನು ಹೇಳಿ ಪೂರೈಸುವುದಕ್ಕಾಗುವುದಿಲ್ಲ. ಪ್ರೆಸ್ಸಿನವರು ಕರಪತ್ರ ಹೊಡೆದು ಹಂಚಿದರು. ಅರ್ಧ ದರ ಅಂದಮೇಲೆ ಕೇಳಬೇಕೆ? ನಂಜುಮಳಿಗೆಯಿಂದ ಅಗ್ರಹಾರದವರೆಗೆ ಹೆಂಗಸರು ಡಬ್ಬ, ಬುಟ್ಟಿ, ಬಕೆಟ್ಟು ಹಿಡಿದು ಹೊರಟರು. ಆಟೋದಲ್ಲಿ ರಾಗಿ ಮೂಟೆ ಬಂತು, ಸ್ಕೂಟರಿನ ಮುಂದೆ ಕಡಲೆಬೇಳೆ ಬಂತು. ಮಿಲ್ಲಿನ ಎದುರಿನ ಮನೆಯ ಚಲುವಮ್ಮ ಎಲ್ಲರಿಗಿಂತ ಮೊದಲು ಬಂದು, ಇದೇನು ಗಿರಿಜಮ್ಮೋರೇ ಅಂಗಡಿ ಮುಚ್ಚುತ್ತಿದ್ದೀರಾ ಅಂತ ವಿಚಾರಿಸಿದರು. ಮುಚ್ಚಬಾರದು ಅಂತಲೇ ಅರ್ಧ ದರ ಅಂತ ಗಿರಿಜಾಂಬಾ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೇನು, ಅತ್ತಿಗೆ, ನಾದಿನಿ, ಬೀಗಿತ್ತಿಗೆಲ್ಲ ಫೋನು ಮಾಡಿ ಕರೆಸಿದರು.

ದಿನಾ ಸಂಜೆ ಸದಸ್ಯರೆಲ್ಲ ತಮ್ಮ ತಮ್ಮ ಮೀಟರಿನ ಫೋಟೋ ಕಳಿಸುತ್ತಿದ್ದರು. ಲಾಸ್ಯ ಲೆಕ್ಕ ಹಾಕಿ ಮಿಲ್ಲಿನ ಹೊರಗಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದಳು. ಐವತ್ತು ಪಾಯಿಂಟ್ ಮೂರು. ಐವತ್ತು ಪಾಯಿಂಟ್ ನಾಲ್ಕು. ಮೊದಮೊದಲು ಇದೇನು ಮಟ್ಕಾ ನಂಬರೇ ಅಂತ ಜನ ನಗಾಡಿದರು. ವಾರ ಕಳೆಯುವಷ್ಟರಲ್ಲಿ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ, ಎಷ್ಟಾಯ್ತು, ಎಷ್ಟಾಯ್ತು ಅಂತ ಸ್ಕೂಟರು ನಿಲ್ಲಿಸಿ ಕೇಳಿಕೊಂಡು ಹೋಗತೊಡಗಿದರು. ಐವತ್ತೊಂದು ಆದರೆ ಏನಾಗುತ್ತೆ ಅನ್ನುವುದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಆಗಲೇಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಮೆಣಸಿನಕಾಯಿಯ ಘಾಟು ಬೀದಿಯಿಡೀ ಹಬ್ಬಿ, ಮೂಗಿಗೆ ಸೆರಗು ಹಿಡಿಯದೆ ಓಡಾಡುವ ಹಾಗಿರಲಿಲ್ಲ. ಯುಗಾದಿಯ ದಿನವೂ ಮಿಲ್ಲು ನಿಲ್ಲಲಿಲ್ಲ. ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಬಂದು ಮೋಟಾರಿಗೆ ಕುಂಕುಮವಿಟ್ಟು ಸ್ವಿಚ್ ಹಾಕಿದರು ಗಿರಿಜಾಂಬಾ. ಸಿದ್ದಲಿಂಗಸ್ವಾಮಿ ಕೂಡ, ಇಷ್ಟೊಂದು ಐಸು ಮಾಡಿ ತಲೆ ಮೇಲೆ ಇಟ್ಕೊಳ್ಳಲಾ ಅಂತ ಗೊಣಗುತ್ತಲೇ ಕಂಪ್ರೆಸರ್ ಓಡಿಸಿದರು. ರಾಮನವಮಿ ಬಂತು. ಪೆಂಡಾಲು ಪೆಂಡಾಲಿನ ಪಾನಕಕ್ಕೂ ನೀರುಮಜ್ಜಿಗೆಗೂ ಅವರದೇ ಐಸು. ಹೋದಲ್ಲೆಲ್ಲ ಜನ ಕೈಮುಗಿದರು ಅಂತ ಆ ಸಿಡುಕನ ಮುಖ ಅರಳಿದ್ದನ್ನು ಮೈಸೂರು ಮೊದಲ ಸಲ ನೋಡಿತು.

ಏಕಾಂತಯ್ಯನ ಪಾಡು ಮಾತ್ರ ಬೇರೆ. ಹಗಲೆಲ್ಲ ಮಿಲ್ಲಿಂದ ಮಿಲ್ಲಿಗೆ ಓಡುತ್ತಿದ್ದರು, ಬೆಲ್ಟು ಜಾರಿದರೆ ತಾವೇ ಕೈಹಾಕುತ್ತಿದ್ದರು. ನಡುವೆ ಪುರುಸೊತ್ತಾದಾಗ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಫ್ಯಾನನ್ನು ನೋಡುತ್ತಿದ್ದರು. ಗುಡ್ಡದ ಮೇಲೆ ಅದು ಎಷ್ಟು ತಿರುಗುತ್ತಿದೆ ಅಂತ ತೋರಿಸುವ ಆ್ಯಪು. ವರ್ಷವೆಲ್ಲ ಅದನ್ನು ನೋಡಿಯೇ ಅವರು ಹಾಸಿಗೆ ಬಿಟ್ಟೇಳುತ್ತಿದ್ದದ್ದು. ಅಭ್ಯಾಸ ಬಲದಿಂದ ಸ್ವಿಚ್ಚಿಗೆ ಕೈ ಹೋಗಿ, ಮುಟ್ಟಿದರೋ ಇಲ್ಲವೋ ಅನ್ನುವಷ್ಟರಲ್ಲಿ ಕೈ ಹಿಂದಕ್ಕೆಳೆದುಕೊಂಡದ್ದನ್ನು ಗಿರಿಜಾಂಬಾ ಎಷ್ಟೋ ಸಲ ಕಂಡರು. ಕಂಡೂ ಕಾಣದವರ ಹಾಗೆ ಇದ್ದರು.

ಕೊನೆಗೂ ಮೂವತ್ತೊಂದನೇ ತಾರೀಖು ಬಂತು. ಹಲಗೆಯ ಮೇಲೆ ಐವತ್ತು ಪಾಯಿಂಟ್ ಒಂಬತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಲಾಸ್ಯ ಮತ್ತೆ ಲೆಕ್ಕ ಹಾಕಿ, ಇದೇ ಓಟದಲ್ಲಿ ಓಡಿದರೆ ಐದು ಗಂಟೆಗೆಲ್ಲ ಗೆದ್ದೆವು ಅಂದಳು. ಗಿರಿಜಾಂಬಾಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಿಲ್ಲಿನ ಮುಂದೆ ಸಾಲು ಬೀದಿಯ ತಿರುವಿನವರೆಗೆ ಇತ್ತು.

ಮೂರು ಗಂಟೆಗೆ ಮೈಸೂರಿನ ಬೆಟ್ಟದ ಮೇಲೆ ಮೋಡ ಕೂತಿತು. ಯಾರೋ ತಂಪಾಯಿತು ಸದ್ಯ ಅಂದರು. ಹಾಗನ್ನುವಷ್ಟರಲ್ಲಿ ಧೂಳೆದ್ದು, ಗಾಳಿ ಬೀಸಿ, ಮಾವಿನ ಮಳೆ ದಬದಬ ಸುರಿಯಿತು. ಎಲ್ಲೋ ಒಂದು ಮರದ ಕೊಂಬೆ ಲಟಕ್ಕೆಂದು ಮುರಿದ ಸದ್ದು ಕೇಳಿತು. ಮಿಲ್ಲಿನ ಮೋಟಾರು ಉಸ್ಸಂತ ನಿಂತುಹೋಯಿತು.

ಕರೆಂಟು ಹೋಯಿತು. ಕೃಷ್ಣಮೂರ್ತಿಪುರಂ ಅಷ್ಟೇ ಅಲ್ಲ, ಫೋನ್ ಮಾಡಿದಲ್ಲೆಲ್ಲ ಅದೇ ಉತ್ತರ. ಐಸ್ ಫ್ಯಾಕ್ಟರಿಯೂ ಕತ್ತಲೆ.

ಗಿರಿಜಾಂಬಾ ಲಾಸ್ಯಳ ಕಡೆ ನೋಡಿದರು. ಲಾಸ್ಯ ಏಕಾಂತಯ್ಯನ ಮೊಬೈಲಿನ ಕಡೆ ನೋಡುತ್ತಿದ್ದಳು. ಆ್ಯಪಿನಲ್ಲಿ ಫ್ಯಾನು ಗಿರಗಿರ ತಿರುಗುತ್ತಿತ್ತು. ಇಲ್ಲಿಗೆ ಬಂದ ಮೋಡ ಅಲ್ಲಿಗೂ ಹೋಗಿತ್ತು. ಮಾರ್ಚ್ ಇಡೀ ಆಕಳಿಸುತ್ತಿದ್ದ ಫ್ಯಾನು ಆಷಾಢ ಬಂತೆಂದುಕೊಂಡು ಎದ್ದು ಕುಣಿಯುತ್ತಿತ್ತು. ಅಲ್ಲಿ ಹುಟ್ಟುವುದು ಹೆಚ್ಚಿದಷ್ಟೂ ಅದರ ಅರ್ಧವೂ ಹೆಚ್ಚುತ್ತದೆ. ಅಲ್ಲಿ ಒಂದು ಗಂಟೆ ಗಾಳಿ ಬೀಸಿದರೆ ಇಲ್ಲಿ ಎಲ್ಲರೂ ಸೇರಿ ಎರಡು ಗಂಟೆ ಬೀಸಬೇಕು. ಇಲ್ಲಿ ನೋಡಿದರೆ ಕರೆಂಟೇ ಇಲ್ಲ.

ಅಂಥ ಗಾಳಿಗಾಗಿ ಇವರೆಲ್ಲ ಎಷ್ಟು ದೇವರಿಗೆ ಹರಕೆ ಹೊತ್ತಿದ್ದರು! ಈಗ ಅದೇ ಗಾಳಿ ಕುತ್ತಿಗೆಗೆ ಬಂದು ಕೂತಿತ್ತು. ಗಿರಿಜಾಂಬಾಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. ಸಿದ್ದಲಿಂಗಸ್ವಾಮಿ ಮೊದಲ ದಿನ ಹೇಳಿದ ಮಾತು ನೆನಪಾಯಿತು. ಫ್ಯಾನು ನಿಲ್ಲಿಸಬೇಕು. ಅಧ್ಯಕ್ಷರಾಗಿ ಆ ಮಾತನ್ನು ತಾವೇ ಹೇಳಬೇಕು. ಇಂಥ ಗಾಳಿಯಲ್ಲಿ ಫ್ಯಾನು ನಿಲ್ಲಿಸಿ ಅಂತ ಈ ಮನುಷ್ಯನಿಗೆ ಹೇಳುವುದು, ಉಣ್ಣುತ್ತಿರುವ ಮಗುವಿನ ತಟ್ಟೆ ಕಿತ್ತುಕೋ ಅಂತ ಹೆತ್ತವರಿಗೆ ಹೇಳಿದಂತೆ. ಬಾಯಿ ತೆರೆದರು.

ಏಕಾಂತಯ್ಯ ಆಗಲೇ ಫೋನನ್ನು ಕಿವಿಗೆ ಹಿಡಿದಿದ್ದರು. ಗುಡ್ಡದ ಮೇಲೆ ಫ್ಯಾನು ನೋಡಿಕೊಳ್ಳುವ ಆಪರೇಟರ್ ಸಂಜಯ್‌ಗೆ.

“ಸಂಜಯ್, ಫ್ಯಾನು ನಿಲ್ಸಪ್ಪ.”

ಆ ಕಡೆಯವನು ಏನೋ ಹೇಳಿದ. ಗಾಳಿಯ ಆರ್ಭಟ ಗಿರಿಜಾಂಬಾಗೂ ಕೇಳಿಸುತ್ತಿತ್ತು. ಒಳ್ಳೇ ಗಾಳಿ ಇದೆಯಲ್ಲ ಸಾರ್ ಅಂದನೆಂದು ಕಾಣುತ್ತದೆ.

“ಗೊತ್ತು ಕಣಪ್ಪ. ಅದಕ್ಕೇ ನಿಲ್ಸು ಅಂತಿರೋದು” ಅಂದರು ಏಕಾಂತಯ್ಯ. “ನಾಳೆ ಬೆಳಿಗ್ಗೆ ನಾನು ಹೇಳೋವರೆಗೂ ಬಿಡಬೇಡ.”

ಫೋನಿಟ್ಟು ಆ್ಯಪನ್ನೇ ನೋಡುತ್ತ ನಿಂತರು. ರೆಕ್ಕೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಆಮೇಲೆ ಸೊನ್ನೆ ತೋರಿಸಿತು. ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಲೈನ್ ಎಲ್ಲಿ ಹರಿದಿದೆ ನೋಡಿಕೊಂಡು ಬರ್ತೀನಿ ಅಂತ ಮಳೆಯಲ್ಲೇ ಹೊರಟುಬಿಟ್ಟರು. ಕೊಡೆ ತಗೊಳ್ಳಿ ಅಂತ ಗಿರಿಜಾಂಬಾ ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಇನ್ನು ಉಳಿದದ್ದು ಸಾಲು. ಮಳೆಗೆ ಸಾಲು ಕರಗಿಹೋದರೆ ಕರೆಂಟು ಬಂದೂ ಪ್ರಯೋಜನವಿಲ್ಲ. ಗಿರಿಜಾಂಬಾ ಹೊರಗೆ ಬಂದು, ದಯವಿಟ್ಟು ಯಾರೂ ಮನೆಗೆ ಹೋಗಬೇಡಿ ಅಂತ ಕೈಮುಗಿದರು. ಎದುರು ಮನೆಯ ಚಲುವಮ್ಮ ಗೇಟು ತೆರೆದು ಡಬ್ಬ, ಬುಟ್ಟಿಗಳನ್ನೆಲ್ಲ ತಮ್ಮ ಪಡಸಾಲೆಯೊಳಕ್ಕೆ ಸಾಗಿಸಿದರು. ಎಲ್ಲರಿಗೂ ಕಾಫಿ ಇಟ್ಟರು. ಯಾರ ಮೆಣಸಿನಕಾಯಿಯೂ ನೆನೆಯಲಿಲ್ಲ, ಒಬ್ಬರೂ ಕದಲಲಿಲ್ಲ. ಇಷ್ಟು ದಿನ ಸ್ಕೋರು ಕೇಳಿದವರು ಕೊನೇ ಓವರಿನಲ್ಲಿ ಎದ್ದು ಹೋಗುತ್ತಾರೆಯೇ?

ಐದು ದಾಟಿದ ಮೇಲೆ ಏಕಾಂತಯ್ಯ ತೊಪ್ಪೆಯಾಗಿ ಬಂದರು. ವಿಭೂತಿ ತೊಳೆದುಹೋಗಿತ್ತು. ಕೊಂಬೆ ಕಡಿದಾಯಿತು, ಲೈನ್‌ಮನ್‌ಗಳು ಕಂಬ ಹತ್ತಿದ್ದಾರೆ ಅಂತ ಅವರು ಹೇಳಿ ಮುಗಿಸುವ ಮೊದಲೇ ಬಲ್ಬು ಝಗ್ಗೆಂದಿತು. ಬೀದಿಯಿಡೀ ಹೋ ಅಂತು. ಗಿರಿಜಾಂಬಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಮಿಲ್ಲಿನ ಬಾಯಿಗೆ ಮೆಣಸಿನಕಾಯಿ ಸುರಿದರು. ಮಗಳು ಒಂದು ಕೈಲಿ ಫೋನು, ಇನ್ನೊಂದು ಕೈಲಿ ಬುಟ್ಟಿ. ಸೀನು, ಕೆಮ್ಮು, ನಗು ಯಾವುದು ಯಾರದು ಅಂತ ತಿಳಿಯುತ್ತಿರಲಿಲ್ಲ. ಐಸ್ ಫ್ಯಾಕ್ಟರಿಯಿಂದ ಸಿದ್ದಲಿಂಗಸ್ವಾಮಿ ಕಾಲು ಗಂಟೆಗೊಂದು ಸಲ ಮೀಟರಿನ ಫೋಟೋ ಕಳಿಸುತ್ತಿದ್ದರು, ಕೇಳದಿದ್ದರೂ.

ಬೀದಿದೀಪ ಹೊತ್ತಿ ಸ್ವಲ್ಪ ಹೊತ್ತಾಗಿತ್ತು. ಲಾಸ್ಯ ಹೊರಗೆ ಹೋಗಿ, ಮಳೆಗೆ ಅರ್ಧ ಅಳಿಸಿಹೋಗಿದ್ದ ಹಲಗೆಯನ್ನು ತನ್ನ ದುಪಟ್ಟಾದಿಂದಲೇ ಒರೆಸಿ ಬರೆದಳು. ಐವತ್ತೊಂದು. ಚಲುವಮ್ಮ ಗಿರಿಜಾಂಬಾರನ್ನು ಬಿಗಿಯಾಗಿ ತಬ್ಬಿಕೊಂಡರು. ಇಬ್ಬರ ಸೀರೆಯೂ ಕೆಂಪಾಯಿತು. ಉಳಿದಿದ್ದ ಸಾಲನ್ನೂ ಬೀಸಿಯೇ ಮಿಲ್ಲು ನಿಂತದ್ದು. ಕೂದಲೆಳೆ ಅಂತರ ಇದ್ದದ್ದು ಇನ್ನೊಂದಿಷ್ಟು ಹೆಚ್ಚಾಯಿತು. ಆ ಗದ್ದಲದಲ್ಲಿ ಏಕಾಂತಯ್ಯ ಯಾವಾಗ ಮನೆಗೆ ಹೋದರೋ ಯಾರಿಗೂ ಗೊತ್ತಾಗಲಿಲ್ಲ. ಗಿರಿಜಾಂಬಾ ಮಾತ್ರ ಒಂದೆರಡು ಸಲ ಬಾಗಿಲ ಕಡೆ ನೋಡಿದರು.

ಬೆಳಿಗ್ಗೆ ಮಿಲ್ಲಿನ ಬಾಗಿಲು ತೆರೆಯಲು ಬಂದರೆ ಮೆಟ್ಟಿಲ ಮೇಲೆ ಏಕಾಂತಯ್ಯ ಕೂತಿದ್ದರು. ಒಗೆದ ಪಂಚೆ, ಹಣೆ ತುಂಬ ಹೊಸ ವಿಭೂತಿ, ಕೈಯಲ್ಲಿ ಮೊಬೈಲು. ಪುಡಿ ಒಯ್ಯಲು ಚಲುವಮ್ಮನೂ ಬಂದರು.

“ನೀವು ಬರಲಿ ಅಂತಿದ್ದೆ, ಗಿರಿಜಮ್ಮ” ಅಂದು ಏಕಾಂತಯ್ಯ ನಂಬರು ಒತ್ತಿ ಸ್ಪೀಕರ್ ಹಾಕಿದರು.

ಸಂಜಯ್ ಎತ್ತಿದ. ಬಿಡಪ್ಪ ಅಂದರು. ಏಪ್ರಿಲ್ ಒಂದು ಸಾರ್, ನಿಜವಾಗ್ಲೂ ಬಿಡ್ಲಾ ಅಂತ ಅವನು ತಮಾಷೆ ಮಾಡಿದ. ಏಕಾಂತಯ್ಯನಿಗೆ ತಮಾಷೆ ಹಿಡಿಸಲಿಲ್ಲ. ಬಿಡಯ್ಯಾ ಮಾರಾಯ, ಫೋನು ಹಿಡ್ಕೊಂಡು ಆಚೆ ನಿಂತ್ಕೊ ಅಂದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದೂರದಿಂದ ಹೂಂ ಅಂತ ಒಂದು ಉಸಿರು. ಇನ್ನೊಂದು ಉಸಿರು. ಹೂಂ, ಹೂಂ ಅಂತ ಒಂದರ ಹಿಂದೊಂದು ರೆಕ್ಕೆ ಗಾಳಿ ಸೀಳಿಕೊಂಡು ಬರತೊಡಗಿತು. ಮೂವರೂ ಆ ಪುಟ್ಟ ಫೋನಿಗೆ ತಲೆ ಕೊಟ್ಟು ನಿಂತರು.

“ಇದಕ್ಕಾ ನಾವೆಲ್ಲ ಪುಡಿ ಬೀಸಿದ್ದು?” ಅಂದರು ಚಲುವಮ್ಮ.

“ಇದಕ್ಕೇ ಕಣಮ್ಮ” ಅಂದರು ಗಿರಿಜಾಂಬಾ. ಆಮೇಲೆ ಮಿಲ್ಲಿನ ಬಾಗಿಲು ತೆರೆದರು.

ಏಕಾಂತಯ್ಯ ಒಳಗೆ ಹೋದರು. ಅವರ ಕಣ್ಣು ಎಂದಿನಂತೆ ಮೊದಲು ಸ್ವಿಚ್‌ಬೋರ್ಡಿನ ಕಡೆಗೇ ಹೋಯಿತು. ಗಲ್ಲಾಪೆಟ್ಟಿಗೆಯ ಕುರ್ಚಿ ಖಾಲಿಯಿತ್ತು, ಮೇಲಿನ ಫ್ಯಾನು ನಿಂತಿತ್ತು. ಒಂದು ಗಳಿಗೆ ಅದನ್ನೇ ನೋಡಿ, ಕೈಯೆತ್ತಿ ಸ್ವಿಚ್ ಹಾಕಿದರು.

“ಬಂದು ಕೂತ್ಕೊಳಿ ಗಿರಿಜಮ್ಮ, ಸೆಕೆ” ಅಂದರು.

ಗಿರಿಜಾಂಬಾ ಬಂದು ಫ್ಯಾನಿನ ಕೆಳಗೆ ಕೂತರು.